ಬಚ್ಚಲಿನಲ್ಲಿ ಜಾರಿ ಬಿದ್ದವನು

ಇರುಂಗಾಟ್ಟುಕೋಟ್ಟೈ ಎಂಬ ಹೆಸರನ್ನು ತಡವರಿಸದೆ ಹೇಳಲು ನನಗೆ ಎರಡು ವರ್ಷ ಬೇಕಾಯಿತು. ಅದನ್ನು ಅಪ್ಪನೆದುರು ಹೇಳಲು ಮೂರು ವರ್ಷ.

ಬೆಂಗಳೂರಿನಿಂದ ಹೊರಟು, ಕೃಷ್ಣಗಿರಿ, ಆಂಬೂರು, ವೆಲ್ಲೂರು ದಾಟಿ, ಚೆನ್ನೈ ಇನ್ನೇನು ಮುಕ್ಕಾಲು ಗಂಟೆ ಇದೆ ಎನ್ನುವಾಗ ಶ್ರೀಪೆರಂಬುದೂರು ಸಿಗುತ್ತದೆ. ನಮ್ಮ ಕಡೆಯವರಿಗೆ ಆ ಊರು ಎರಡು ಕಾರಣಕ್ಕೆ ಗೊತ್ತು. ಮೇಲುಕೋಟೆಗೆ ಬಂದು ನೆಲೆಸಿದ್ದ ರಾಮಾನುಜರು ಹುಟ್ಟಿದ್ದು ಅಲ್ಲಿ. 1991ರಲ್ಲಿ ರಾಜೀವ್ ಗಾಂಧಿ ಹತ್ಯೆಯಾದದ್ದು ಅಲ್ಲಿ. ನನ್ನಂಥ ಕೆಲವು ಹುಚ್ಚರಿಗೆ ಮೂರನೆಯ ಕಾರಣವೊಂದಿದೆ. ಅಲ್ಲಿಂದ ಸ್ವಲ್ಪ ಮುಂದೆ, ಕಾರು ತಯಾರಿಸುವ ದೊಡ್ಡ ಕಾರ್ಖಾನೆಯ ಆಸುಪಾಸಿನಲ್ಲಿ, ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನವರ ರೇಸ್ ಟ್ರ್ಯಾಕ್ ಇದೆ. ಉದ್ದ 3.7 ಕಿಲೋಮೀಟರ್, ತಿರುವುಗಳು 12. ಅದಕ್ಕೂ ಮುಂಚೆ ಎರಡನೇ ಮಹಾಯುದ್ಧದ ಕಾಲದ ಶೋಳಾವರಂ ವಿಮಾನ ಪಟ್ಟಿಯ ಮೇಲೆ ರೇಸುಗಳು ನಡೆಯುತ್ತಿದ್ದವು. ನಮ್ಮ ಮೈಸೂರಿನ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳೂ ಅಲ್ಲಿ ಹೊಗೆಯುಗುಳಿಕೊಂಡು ಓಡಿದ್ದವಂತೆ. 1990ರಿಂದ ಎಲ್ಲವೂ ಇಲ್ಲಿ. ಬೆಂಗಳೂರಿನಲ್ಲಿ ಬೈಕ್ ಹುಚ್ಚರು ಬೇಕಾದಷ್ಟಿದ್ದಾರೆ, ಆದರೆ ಇಂಥದ್ದೊಂದು ಟ್ರ್ಯಾಕ್ ಇಲ್ಲ. ಹಾಗಾಗಿ ವರ್ಷಕ್ಕೆ ಮೂರೋ ನಾಲ್ಕೋ ಸಲ ಗುರುವಾರ ರಾತ್ರಿ ಒಂದು ಬಾಡಿಗೆ ಗೂಡ್ಸ್ ಗಾಡಿಗೆ ಬೈಕನ್ನು ಹಗ್ಗ ಬೆಲ್ಟು ಹಾಕಿ ಬಿಗಿದು ನಾವು ಪೂರ್ವಕ್ಕೆ ಹೊರಡುತ್ತೇವೆ.

ನನಗೆ 38 ವರ್ಷ. ಪೀಣ್ಯದ ಒಂದು ಯಂತ್ರಭಾಗಗಳ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸ. ದಿನವಿಡೀ ಮೈಕ್ರೋಮೀಟರ್ ಹಿಡಿದು ಅಳೆಯುವುದು, ಕೂದಲೆಳೆಗಿಂತ ಸಣ್ಣ ವ್ಯತ್ಯಾಸ ಬಂದರೂ ಪೀಸನ್ನು ಕೆಂಪು ಟ್ರೇಗೆ ಹಾಕುವುದು. ಇಷ್ಟೊಂದು ಅಳೆದು ಸುರಿಯುವವನು ರೇಸಿಗೆ ಹೇಗೆ ಬಿದ್ದ ಎಂದು ಹೆಂಡತಿ ಕೇಳುತ್ತಾಳೆ. ನನಗೂ ಗೊತ್ತಿಲ್ಲ. ಓಡಿಸುವುದು 165 ಸಿಸಿ ಸ್ಟಾಕ್ ಬೈಕುಗಳ ಹೊಸಬರ ವರ್ಗದಲ್ಲಿ. ಕಳೆದ ಆಗಸ್ಟಿನ ಆ ರೇಸಿನಲ್ಲಿ ನಾವು 26 ಜನ ಇದ್ದೆವು. ಹೊಸಬರು ಎಂದರೆ ಅನುಭವದಲ್ಲಿ ಹೊಸಬರು ಎಂದರ್ಥ. ಆದರೆ ಹೆಚ್ಚಿನವರು ವಯಸ್ಸಿನಲ್ಲೂ ಹೊಸಬರೇ. ಅವರ ಜೊತೆ ಅವರ ಅಪ್ಪಂದಿರು ಬಂದಿರುತ್ತಾರೆ. ಪ್ಯಾಡಕ್‌ನಲ್ಲಿ ನನ್ನನ್ನು ನೋಡಿದವರು ಮೊದಲು ಕೇಳುವ ಪ್ರಶ್ನೆ, 'ನಿಮ್ಮ ಮಗ ಯಾವ ನಂಬರ್ ಸಾರ್?'

ನನ್ನ ಅಪ್ಪ ಸರ್ಕಾರಿ ಬಸ್ ಡ್ರೈವರ್ ಆಗಿದ್ದವನು. ಹಾಸನದಿಂದ ಮಂಗಳೂರಿಗೆ ಶಿರಾಡಿ ಘಾಟಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಳೆಗಾಲಗಳನ್ನು ಹತ್ತಿ ಇಳಿದವನು. ಅಪಘಾತವಿಲ್ಲದೆ ಓಡಿಸಿದ್ದಕ್ಕೆ ಕೊಟ್ಟ ಬೆಳ್ಳಿ ಪದಕ ಸಕಲೇಶಪುರದ ನಮ್ಮ ಮನೆಯ ನಡುಮನೆಯಲ್ಲಿ, ಅಮ್ಮನ ಫೋಟೋ ಪಕ್ಕ, ಗಾಜಿನ ಚೌಕಟ್ಟಿನೊಳಗೆ ಇದೆ. ಅವನು ಓಡಿಸುವ ಕಾಲಕ್ಕೆ ಆ ಹೆದ್ದಾರಿಯ ಸಂಖ್ಯೆ 48. 2010ರಲ್ಲಿ ಹೆದ್ದಾರಿಗಳ ನಂಬರು ಬದಲಾದಾಗ ಅದು 75 ಆಯಿತು, 48 ಎಂಬ ಸಂಖ್ಯೆ ದೆಹಲಿಯಿಂದ ಬೆಂಗಳೂರಿನ ಮೇಲೆ ಹಾದು ಚೆನ್ನೈಗೆ ಹೋಗುವ ರಸ್ತೆಗೆ ಬಂತು. ಅಂದರೆ ಅಪ್ಪನ ರಸ್ತೆಯ ನಂಬರು ಈಗ ನಾನು ರೇಸಿಗೆ ಹೋಗುವ ರಸ್ತೆಯ ಮೈಲಿಗಲ್ಲುಗಳ ಮೇಲಿದೆ. ಪ್ರತಿ ಸಲವೂ ಅದನ್ನು ನೋಡುತ್ತಾ, ಅಪ್ಪನಿಗೆ ಹೇಳಿಬಂದ ಸುಳ್ಳನ್ನು ನೆನೆಯುತ್ತಾ ಹೋಗುತ್ತಿದ್ದೆ.

ಸುಳ್ಳು ಏನೆಂದರೆ, 'ಚೆನ್ನೈಯಲ್ಲಿ ಕಂಪನಿ ಕೆಲಸ ಇದೆ.' ಅದು ಸಣ್ಣ ಸುಳ್ಳು. ದೊಡ್ಡದು ಬೇರೆ ಇತ್ತು. ಅದರ ಹಿಂದಿನ ವರ್ಷ ಅಭ್ಯಾಸದಲ್ಲಿ ಬಿದ್ದು ಬಲಗಡೆಯ ಕಾಲರ್ ಬೋನ್ ಮುರಿದುಕೊಂಡಿದ್ದೆ. ಅಪ್ಪನಿಗೆ ಬಚ್ಚಲಿನಲ್ಲಿ ಜಾರಿ ಬಿದ್ದೆ ಎಂದೆ. ನಾಲ್ಕನೆಯ ದಿನ ಅಪ್ಪ ಸಕಲೇಶಪುರದಿಂದ ಬೆಳಗಿನ ರೈಲಿಗೆ ಬಂದ. ಕೈಚೀಲದಲ್ಲಿ ಬ್ಲೀಚಿಂಗ್ ಪೌಡರ್, ತೆಂಗಿನ ನಾರಿನ ಬ್ರಶ್ಶು, ಒಂದು ರಬ್ಬರ್ ಮ್ಯಾಟು, ಸ್ಟೀಲಿನ ಒಂದು ಹಿಡಿಕೆ. ಕೈಗೆ ಜೋಳಿಗೆ ಕಟ್ಟಿಕೊಂಡು ನಾನು ಬಾಗಿಲಲ್ಲಿ ನಿಂತಿದ್ದೆ. 70 ದಾಟಿದ ಅಪ್ಪ ಪಂಚೆ ಎತ್ತಿಕಟ್ಟಿ ಮಂಡಿಯೂರಿ ಬಚ್ಚಲು ತಿಕ್ಕಿದ. ಮ್ಯಾಟು ಹಾಸಿದ. ಪಕ್ಕದ ಮನೆಯಿಂದ ಡ್ರಿಲ್ಲಿಂಗ್ ಮೆಷಿನ್ ಇಸಿದುಕೊಂಡು ಗೋಡೆಗೆ ಹಿಡಿಕೆ ಜಡಿದ. 'ಇದನ್ನ ಹಿಡ್ಕೊಂಡು ಏಳು, ಹಿಡ್ಕೊಂಡು ಕೂರು' ಎಂದು ಎರಡು ಸಲ ತೋರಿಸಿಕೊಟ್ಟು ಸಂಜೆ ಬಸ್ಸಿಗೆ ಹೋದ. ಆ ರಾತ್ರಿ ಹೆಂಡತಿ ಹೇಳಿದ್ದು ಒಂದೇ ಮಾತು: 'ಸುಳ್ಳು ನಿಮ್ಮದು, ಬಚ್ಚಲು ತೊಳೆದಿದ್ದು ಅವರು.'

ನಿಜ ಹೇಳದಿರಲು ಕಾರಣವಿತ್ತು. 2023ರಲ್ಲಿ ಬೆಂಗಳೂರಿನ ಹುಡುಗನೊಬ್ಬ ಇದೇ ಟ್ರ್ಯಾಕಿನಲ್ಲಿ ರೇಸಿನ ಸಮಯದಲ್ಲಿ ಬಿದ್ದು ತೀರಿಕೊಂಡ ಸುದ್ದಿ ಪೇಪರುಗಳಲ್ಲಿ ಬಂದಿತ್ತು. ಅಪ್ಪ ಅದನ್ನು ಓದಿ ಫೋನಿನಲ್ಲಿ, 'ಅಂಥ ಮಕ್ಕಳನ್ನ ಕಳಿಸೋ ಅಪ್ಪ ಅಮ್ಮ ರಾತ್ರಿ ಹೆಂಗೆ ನಿದ್ದೆ ಮಾಡ್ತಾರೋ' ಎಂದಿದ್ದ. ನಾನು ಹೂಂಗುಟ್ಟಿದ್ದೆ.

ಶುಕ್ರವಾರ ಅಭ್ಯಾಸದ ದಿನ. ಟಾರು ಕಾದು, ದೂರದಲ್ಲಿ ನೀರಿನಂತೆ ಅಲುಗುತ್ತಿತ್ತು. ಆಗಸ್ಟಿನಲ್ಲಿ ನಮ್ಮ ಸಕಲೇಶಪುರದಲ್ಲಿ ಮಳೆ ಹಿಡಿಯಿತೆಂದರೆ ವಾರಗಟ್ಟಲೆ ಬಿಡುವುದಿಲ್ಲ, ಕಂಬಳಿಗೂ ಬೂಸ್ಟು ಬರುತ್ತದೆ. ಘಟ್ಟದ ಈಚೆಗೆ ಅದೇ ಮುಂಗಾರು ಒಣಗಿ ಹೋಗಿರುತ್ತದೆ. ಚೆನ್ನೈ ಕಡೆ ಆ ತಿಂಗಳ ಮಳೆಯ ಲೆಕ್ಕವೇ ಬೇರೆ. ಹಗಲೆಲ್ಲ ಕಾದ ನೆಲದ ಗಾಳಿಗೆ ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಬಂದು ಹಾಯುತ್ತದೆ, ಸಂಜೆಯ ಹೊತ್ತಿಗೆ ಎಲ್ಲಿಂದಲೋ ಮೋಡ ಎದ್ದು ಅರ್ಧ ಗಂಟೆ ಗುಡುಗಿ ಸುರಿದು ಹೋಗುತ್ತದೆ. ಎಲ್ಲಿ ಸುರಿಯುತ್ತದೆ, ಯಾವಾಗ ಸುರಿಯುತ್ತದೆ ಎಂದು ಯಾರೂ ಹೇಳಲಾರರು. ರೇಸಿಗೆ ಬಂದ ನಮಗೆ ಜಿಟಿಜಿಟಿ ಹಿಡಿದ ಮಳೆಗಿಂತ ಈ ಕಳ್ಳ ಮಳೆಯ ಭಯವೇ ಹೆಚ್ಚು.

ಬೈಕಿನ ತಪಾಸಣೆ ಮುಗಿಸಿದೆವು. ಕನ್ನಡಿ, ಹೆಡ್‌ಲೈಟು, ಸ್ಟ್ಯಾಂಡು ಎಲ್ಲ ಬಿಚ್ಚಿರಬೇಕು. ಎಂಜಿನ್ ಆಯಿಲ್ ಬೋಲ್ಟಿಗೆ ತೂತು ಕೊರೆದು ತಂತಿ ಕಟ್ಟಿರಬೇಕು. ರೇಡಿಯೇಟರಿನಲ್ಲಿ ಕೂಲಂಟ್ ಬದಲು ಬರೀ ನೀರಿರಬೇಕು, ಯಾಕೆಂದರೆ ಕೂಲಂಟ್ ಚೆಲ್ಲಿದರೆ ಸಾಬೂನು ಬಳಿದ ಹಾಗೆ ಜಾರುತ್ತದೆ. ಒಬ್ಬನ ಬೈಕಿನಿಂದ ಬಿದ್ದ ನಾಲ್ಕು ಹನಿ ಹಿಂದಿನ ಹತ್ತು ಜನರನ್ನು ಕೆಡವಬಹುದು. ಇಡೀ ತಪಾಸಣೆಯ ತಿರುಳು ಇಷ್ಟೇ: ನಿನ್ನ ಕಸ ರಸ್ತೆಗೆ ಬೀಳಬಾರದು. ಅಂದು ಒಣ ಟ್ರ್ಯಾಕಿನಲ್ಲಿ ನನ್ನ ಒಳ್ಳೆಯ ಸುತ್ತು 2 ನಿಮಿಷ 9 ಸೆಕೆಂಡ್. ಪಕ್ಕದ ಶೆಡ್ಡಿನ ಮೈಸೂರಿನ ಹುಡುಗ, 17 ವರ್ಷದವನು, ನನಗಿಂತ ಮೂರು ಸೆಕೆಂಡ್ ಬೇಗ. ಅವನಪ್ಪ ಎಲೆಕ್ಟ್ರಿಷಿಯನ್. ಮಗ ಬೈಕಿನಿಂದ ಇಳಿದ ಕೂಡಲೇ ಹೆಲ್ಮೆಟ್ಟಿನ ಗಾಜು ಒರೆಸಿ, ಒಳಗಡೆ ಪಾತ್ರೆ ತೊಳೆಯುವ ಸಾಬೂನಿನ ತೆಳು ಪದರ ಸವರಿ ಒಣಗಲು ಇಡುತ್ತಿದ್ದರು. ಮಳೆ ಬಂದರೆ ಉಸಿರಿನ ಆವಿ ಕಟ್ಟುವುದಿಲ್ಲವಂತೆ. ನನ್ನದನ್ನೂ ಇಸಿದುಕೊಂಡು ಹಚ್ಚಿಕೊಟ್ಟರು.

ರಾತ್ರಿ ಹನ್ನೊಂದಕ್ಕೆ ಶೆಡ್ಡಿನ ತಗಡಿನ ಮೇಲೆ ಮಳೆ ಬಿತ್ತು. ಹಾಸಿಗೆಯಲ್ಲಿ ಎದ್ದು ಕುಳಿತೆ. ಊರಿನಲ್ಲಿ ಅದೇ ಸದ್ದು ನಿದ್ದೆ ಬರಿಸುತ್ತಿತ್ತು.

ಶನಿವಾರ ಬೆಳಿಗ್ಗೆ ಟ್ರ್ಯಾಕ್ ಅರ್ಧ ಒಣಗಿ ಅರ್ಧ ಹಸಿಯಾಗಿತ್ತು. ಅರ್ಹತಾ ಸುತ್ತಿನಲ್ಲಿ ಎಲ್ಲರೂ ಓಡಿದ ಜಾಡು ನಿಧಾನಕ್ಕೆ ಬೂದು ಬಣ್ಣಕ್ಕೆ ತಿರುಗಿ ಒಂದು ಕಾಲುದಾರಿಯಂತೆ ಕಾಣುತ್ತಿತ್ತು, ಅದರ ಎರಡೂ ಪಕ್ಕ ಕರ್ರಗೆ ನೀರು. ಹುಡುಗರು ಆ ಕಾಲುದಾರಿಯನ್ನು ನಂಬಿ ಬಗ್ಗಿಸಿದರು. ನನಗೆ ಹಳೇ ಮೂಳೆ ನೆನಪಾಗುತ್ತಿತ್ತು. 19ನೇ ಸ್ಥಾನ ಸಿಕ್ಕಿತು.

ಮೊದಲ ರೇಸು ಮಧ್ಯಾಹ್ನ ಮೂರರ ಸುಮಾರಿಗೆ. ಆರು ಸುತ್ತು. ಸಾಲಿನಲ್ಲಿ ನಿಂತಾಗ ಬಿಸಿಲಿತ್ತು, ಪಶ್ಚಿಮಕ್ಕೆ ಮಾತ್ರ ಮೋಡ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕೆಂಪು ದೀಪ ಆರಿತು, ಹೊರಟೆವು. ಇಲ್ಲಿ ತಿರುವುಗಳನ್ನು ಸಿ-1, ಸಿ-2 ಎಂದು ಎಣಿಸುತ್ತಾರೆ. ನೇರ ರಸ್ತೆಯ ಕೊನೆಯ ಸಿ-1 ವೇಗದ ಬಲತಿರುವು. ಚೆನ್ನಾಗಿ ಓಡಿಸುವವರು ಅಲ್ಲಿ ಆಕ್ಸಿಲರೇಟರ್ ಬಿಡುವುದೇ ಇಲ್ಲ. ನಾನು ಪ್ರತಿ ಸಲವೂ ಬಿಡುವುದಿಲ್ಲ ಎಂದುಕೊಂಡು ಹೋಗಿ ಬಿಡುತ್ತೇನೆ. ಆವತ್ತು ಎರಡನೆಯ ಸುತ್ತಿನಲ್ಲಿ ಬಿಡಲಿಲ್ಲ. ಇಬ್ಬರನ್ನು ದಾಟಿದೆ. ಹೆಲ್ಮೆಟ್ಟಿನೊಳಗೆ ಒಬ್ಬನೇ ಕೂಗಿದೆ.

ಮೂರನೆಯ ಸುತ್ತಿನಲ್ಲಿ ಗಾಜಿನ ಮೇಲೆ ನಾಲ್ಕು ಹನಿ ಬಿದ್ದವು. ಮುಂದಿನ ಮಾರ್ಷಲ್ ಹಳದಿಯ ಮೇಲೆ ಕೆಂಪು ಪಟ್ಟೆಯ ಬಾವುಟ ತೋರಿಸುತ್ತಿದ್ದ. ರಸ್ತೆ ಜಾರುತ್ತದೆ ಎಂಬ ಸೂಚನೆ ಅದು. ಬಾವುಟವನ್ನು ನೋಡಿದೆ. ನೋಡಿದ್ದು ಬೇರೆ, ಓದಿದ್ದು ಬೇರೆ. ಹೊರಟ ಜಾಗ ಒಣಗಿತ್ತಲ್ಲ, ಮುಂದಿನವನು ಹೋಗುತ್ತಿದ್ದಾನಲ್ಲ ಎಂಬ ಲೆಕ್ಕದಲ್ಲಿದ್ದೆ. ಟ್ರ್ಯಾಕಿನ ಹಿಂಭಾಗಕ್ಕೆ ಬಂದಾಗ ಅಲ್ಲಿ ಆಗಲೇ ಜಡಿ ಸುರಿದಿತ್ತು. ನಿಧಾನದ ಒಂದು ತಿರುವು, ಒಣಗಿದ್ದಾಗ ಬ್ರೇಕ್ ಹಿಡಿಯುವ ಅದೇ ಜಾಗದಲ್ಲಿ ಬ್ರೇಕ್ ಹಿಡಿದೆ. ಅದನ್ನು ಬಿಡುವ ಮೊದಲೇ ಬಗ್ಗಿಸಿದೆ. ಮುಂದಿನ ಚಕ್ರ ಮಡಚಿಕೊಂಡು ಹೋಯಿತು.

ಬೀಳುವಾಗ ಯೋಚಿಸಲು ಸಮಯವಿರುವುದಿಲ್ಲ ಎನ್ನುತ್ತಾರೆ. ಜಾರುವಾಗ ಇರುತ್ತದೆ. ಎಡಮಗ್ಗುಲಲ್ಲಿ, ಲೆದರ್ ಸೂಟಿನ ಮೇಲೆ, ಹಸಿ ಟಾರಿನ ಉದ್ದಕ್ಕೂ ಜಾರುತ್ತಾ ಹೋದೆ. ನನ್ನ ಮುಂದೆ ನನ್ನ ಬೈಕು ಕಿಡಿ ಕಾರುತ್ತಾ ಹೋಗುತ್ತಿತ್ತು. ಹಿಂದಿನಿಂದ ಬರುವವರು ಮೇಲೆ ಹತ್ತದಿರಲಿ ಎಂಬುದೊಂದೇ ಪ್ರಾರ್ಥನೆ. ಹುಲ್ಲಿಗೆ ಬಂದು ನಿಂತೆ. ಇಬ್ಬರು ಮಾರ್ಷಲ್‌ಗಳು ಓಡಿ ಬಂದರು. ಒಬ್ಬ ನನ್ನನ್ನು, ಇನ್ನೊಬ್ಬ ಬೈಕನ್ನು ಎಬ್ಬಿಸಿದ. ಮೈಗೆ ಏನೂ ಆಗಿರಲಿಲ್ಲ, ಮಂಡಿ ಊದಿಕೊಂಡಿತ್ತು ಅಷ್ಟೆ. ಕ್ಲಚ್ ಲಿವರ್ ತುಂಡಾಗಿತ್ತು, ಕಾಲಿಡುವ ಪೆಗ್ ಬಗ್ಗಿತ್ತು. ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು, ಇವತ್ತು ಯಾವ ವಾರ ಎಂದು ಕೇಳಿದರು. ಸರಿಯಾಗಿ ಹೇಳಿದೆ. ಬಿದ್ದದ್ದಕ್ಕೆ ಅಷ್ಟು ಬೇಸರವಾಗಲಿಲ್ಲ, ಆದರೆ ಬಾವುಟ ತೋರಿಸಿದ್ದ ಆ ಮಾರ್ಷಲ್ ನನ್ನ ಕಡೆ ನೋಡಿದ ರೀತಿಗೆ ನಾಚಿಕೆಯಾಯಿತು.

ಸಂಜೆ ಏಳೂವರೆ. ಶೆಡ್ಡಿನಲ್ಲಿ ಬಲ್ಬಿನ ಬೆಳಕಿನಲ್ಲಿ ಪೆಗ್ ಬಿಚ್ಚುತ್ತಾ ಕುಳಿತಿದ್ದೆ. ಮೈಸೂರಿನ ಹುಡುಗನ ಅಪ್ಪ ಟಾರ್ಚ್ ಹಿಡಿದಿದ್ದರು. ಫೋನು ಬಂತು. ಅಪ್ಪ. ದಿನಾ ಆ ಹೊತ್ತಿಗೆ ಮಾಡುತ್ತಾನೆ, ಮೊದಲ ಪ್ರಶ್ನೆ ಯಾವಾಗಲೂ ಒಂದೇ.

'ಮಳೆ ಹೆಂಗೈತೆ ಅಲ್ಲಿ?'

'ಬಂದು ಹೋಯ್ತಪ್ಪ' ಎಂದೆ. ಅಷ್ಟರಲ್ಲಿ ಎರಡು ಶೆಡ್ಡು ಆಚೆ ಯಾರೋ ಎಂಜಿನ್ ಶುರು ಮಾಡಿ ಕಿವಿ ಹರಿಯುವಂತೆ ಆಕ್ಸಿಲರೇಟರ್ ತಿರುಗಿಸಿದರು. ಒಂದು ಸಲ, ಎರಡು ಸಲ, ಮೂರು ಸಲ.

ಆ ಸದ್ದು ನಿಲ್ಲುವವರೆಗೆ ಅಪ್ಪ ಸುಮ್ಮನಿದ್ದ. ಆಮೇಲೆ ಕೇಳಿದ. 'ನೀನು ಎಲ್ಲಿದೀಯ?'

ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲಿ ಸಿದ್ಧವಿತ್ತು. ಯಂತ್ರ ಪರೀಕ್ಷೆ ನಡೀತಿದೆ ಎಂದರೆ ಸಾಕಿತ್ತು. ಆದರೆ ಎದುರಿಗೆ ಟಾರ್ಚ್ ಹಿಡಿದು ಕುಳಿತ ಆ ಮನುಷ್ಯ, ಮಗನ ಜೊತೆ ಮಳೆಯಲ್ಲಿ ನೆನೆದು ಬಂದಿದ್ದ ಅವರ ಅಂಗಿ, ನನಗೆ ಬಚ್ಚಲು ತಿಕ್ಕುತ್ತಿದ್ದ ಅಪ್ಪನ ಬೆನ್ನು ಕಂಡಂತಾಯಿತು. ಎಲ್ಲವನ್ನೂ ಹೇಳಿಬಿಟ್ಟೆ. ಮೂರು ವರ್ಷದ್ದು, ಕಾಲರ್ ಬೋನಿನದ್ದು, ಮಧ್ಯಾಹ್ನ ಬಿದ್ದದ್ದು. ಟಾರ್ಚ್ ಹಿಡಿದವರು ಅದನ್ನು ಮೆಲ್ಲಗೆ ನೆಲಕ್ಕಿಟ್ಟು ಹೊರಗೆ ಹೋದರು.

ಅಪ್ಪ ಬೈಯಲಿಲ್ಲ. ಎಷ್ಟು ಹೊತ್ತು ಮಾತಾಡಲಿಲ್ಲವೆಂದರೆ ಲೈನು ಕಟ್ಟಾಯಿತೇನೋ ಎಂದು ಫೋನು ನೋಡಿಕೊಂಡೆ. ಕೊನೆಗೆ ಗಂಟಲು ಸರಿಪಡಿಸಿಕೊಂಡು ಕೇಳಿದ.

'ಎಲ್ಲಿ ಜಾರ್ತು? ತಿರುವಿನ ಒಳಗೋ, ಮೊದಲೋ?'

'ಒಳಗೆ.'

'ಬ್ರೇಕ್ ಮೇಲೆ ಕೈ ಇತ್ತಾ?'

'ಇತ್ತು.'

'ದಿನಾ ಎಲ್ರೂ ಹೋಗೋ ಜಾಡಿನ ಮೇಲೇ ಇದ್ಯಾ?'

'ಹೂಂ.'

'ಮತ್ತೆ ಜಾರ್ದೆ ಏನಾಗ್ತದೆ' ಎಂದ. ಆಮೇಲೆ ಹೇಳತೊಡಗಿದ. ಘಾಟಿಯಲ್ಲಿ ಲಾರಿಗಳು ಓಡಿ ಓಡಿ ಚಕ್ರದ ಜಾಡು ಕನ್ನಡಿಯಂತೆ ನುಣುಪಾಗಿರುತ್ತಿತ್ತಂತೆ. ಬೇಸಿಗೆಯಲ್ಲಿ ಆ ಜಾಡು ಹಿತ. ಮಳೆ ಬಿದ್ದ ಕೂಡಲೇ ಅದನ್ನು ಬಿಡಬೇಕು, ಗಾಡಿಯನ್ನು ಒಂದಡಿ ಪಕ್ಕಕ್ಕೆ ಸರಿಸಿ, ಜಲ್ಲಿಯ ಮೂತಿ ಕಾಣುವ ಒರಟು ಜಾಗದಲ್ಲಿ ಚಕ್ರ ಇಡಬೇಕು. ಮೊದಲ ಮಳೆಗೆ ಎಣ್ಣೆ, ಧೂಳು ಎಲ್ಲ ಮೇಲೆದ್ದು ಬರುತ್ತದೆ, ಆಗ ತೀರಾ ಹುಷಾರು. ಅರ್ಧ ಗಂಟೆ ಜೋರಾಗಿ ಹೊಡೆದರೆ ತೊಳೆದುಹೋಗುತ್ತದೆ, ಆಗ ಸ್ವಲ್ಪ ನಂಬಬಹುದು. ಬ್ರೇಕಿನ ಕೆಲಸ ನೇರ ರಸ್ತೆಯಲ್ಲೇ ಮುಗಿಯಬೇಕು. ತಿರುವಿನೊಳಗೆ ಕೈಕಾಲು ಏನೂ ಮಾಡಬಾರದು. ಬಿಳಿ ಬಣ್ಣ ಬಳಿದಿರುವ ಕಡೆ ಹೋಗಲೇಬಾರದು.

ಟ್ರ್ಯಾಕಿನಲ್ಲಿ ತರಬೇತಿ ಕೊಡುವವರು ಹೇಳುವುದೂ ಇದನ್ನೇ. ಓಡುವ ಜಾಡಿನಲ್ಲಿ ಟೈರಿನ ರಬ್ಬರು ಅಂಟಿ ಅಂಟಿ ಟಾರಿನ ರಂಧ್ರಗಳು ಮುಚ್ಚಿರುತ್ತವೆ. ಒಣಗಿದ್ದಾಗ ಅದೇ ಹಿಡಿತ ಕೊಡುತ್ತದೆ, ನೆನೆದಾಗ ಅದೇ ಕೆಡವುತ್ತದೆ. ತಿರುವಿನ ಅಂಚಿನಲ್ಲಿ ಬಣ್ಣ ಬಳಿದ ಕಲ್ಲುಗಳು ಮಳೆಯಲ್ಲಿ ಪಾಚಿ ಹಿಡಿದ ಮೆಟ್ಟಿಲಿದ್ದಂತೆ. ಇದೆಲ್ಲ ನನಗೆ ಕ್ಲಾಸಿನಲ್ಲಿ ಕೇಳಿ ಗೊತ್ತಿತ್ತು. ಅಪ್ಪನಿಗೆ ಪಾದದಿಂದ ಗೊತ್ತಿತ್ತು.

'ನಾಳೆ ಓಡಿಸ್ಬೇಡ ಅಂದ್ರೆ ಕೇಳ್ತೀಯಾ?' ಎಂದ.

ಸ್ವಲ್ಪ ಹೊತ್ತು ಬಿಟ್ಟು 'ಇಲ್ಲಪ್ಪ' ಎಂದೆ.

'ಹಂಗಾರೆ ಮುಗಿದ ತಕ್ಷಣ ಫೋನ್ ಮಾಡು' ಎಂದು ಇಟ್ಟುಬಿಟ್ಟ.

ಭಾನುವಾರ ಮಧ್ಯಾಹ್ನದವರೆಗೆ ಬೆಂಕಿಯಂಥ ಬಿಸಿಲು. ನಮ್ಮ ಎರಡನೇ ರೇಸಿಗೆ ಸರಿಯಾಗಿ ಮೋಡ ಒಡೆಯಿತು. ಮಿಂಚು ಗುಡುಗು ಜೋರಾಗಿದ್ದರಿಂದ ಮುಕ್ಕಾಲು ಗಂಟೆ ಎಲ್ಲರನ್ನೂ ಶೆಡ್ಡಿನಲ್ಲೇ ಕೂರಿಸಿದರು. ಟಿವಿಯಲ್ಲಿ ನೋಡುವ ದೊಡ್ಡ ರೇಸುಗಳಲ್ಲಿ ಬಿಸಿಲಿಗೆ ನುಣುಪು ಟೈರು, ಮಳೆಗೆ ಗೀರಿನ ಟೈರು ಎಂದು ಬದಲಾಯಿಸುತ್ತಾರೆ. ನಮ್ಮದು ಎರಡಕ್ಕೂ ಒಂದೇ ಗೀರಿನ ಟೈರು. ಗಾಳಿ ಎಷ್ಟಿರಬೇಕು, ಸಸ್ಪೆನ್ಷನ್ ಎಷ್ಟು ಸಡಿಲಿಸಬೇಕು ಎಂಬುದಷ್ಟೇ ನಮ್ಮ ಕೈಯಲ್ಲಿರುವುದು. ಹುಡುಗರು ಫೋನಿನಲ್ಲಿ ಮಳೆಯ ರೇಡಾರ್ ಚಿತ್ರ ನೋಡುತ್ತಿದ್ದರು. ನಾನು ಶೆಡ್ಡಿನ ಅಂಚಿಗೆ ಹೋಗಿ ತಗಡಿನಿಂದ ಬೀಳುವ ನೀರನ್ನು ನೋಡುತ್ತಾ ನಿಂತೆ. ಅರ್ಧ ಗಂಟೆ ಜೋರಾಗಿ ಹೊಡೆಯಿತು. ತೊಳೆದಿರಬೇಕು ಎಂದುಕೊಂಡೆ. ಒದ್ದೆ ರೇಸು ಎಂದು ಘೋಷಿಸಿದರು. ಮಳೆ ಇನ್ನೂ ಬರುತ್ತಿತ್ತು.

ಸಾಲಿನಲ್ಲಿ 19ನೆಯವನಾಗಿ ನಿಂತಾಗ ಮುಂದೆ ಕಂಡದ್ದು ಹಿಂಚಕ್ರಗಳು ಮತ್ತು ನೀರಿನ ಹೊಗೆ ಮಾತ್ರ. ಹೊಟ್ಟೆಯೊಳಗೆ ಹಕ್ಕಿ ಒದ್ದಾಡಿದ ಹಾಗೆ. ಮೊದಲ ಸುತ್ತಿನಲ್ಲಿ ಯಾರನ್ನೂ ದಾಟಲು ಹೋಗಲಿಲ್ಲ. ಸುಮ್ಮನೆ ಜಾಗ ಹುಡುಕಿದೆ. ಎಲ್ಲರ ಜಾಡಿನಿಂದ ಒಂದು ಮಾರು ಆಚೆ, ಟಾರು ಮಂಕಾಗಿ ಒರಟಾಗಿ ಕಾಣುವ ಪಟ್ಟೆಯಲ್ಲಿ ಬೈಕನ್ನು ಇಟ್ಟೆ. ಸುತ್ತಿಕೊಂಡು ಹೋಗುವ ದಾರಿ ಅದು, ಉದ್ದ ಜಾಸ್ತಿ. ಆದರೆ ಚಕ್ರ ಹೇಳಿದ ಮಾತು ಕೇಳುತ್ತಿತ್ತು. ಬ್ರೇಕನ್ನು ಬೇಗ ಹಿಡಿದು ಬೇಗ ಬಿಟ್ಟೆ. ಒಂದು ಗೇರು ಮೇಲಿಟ್ಟುಕೊಂಡು, ಆಕ್ಸಿಲರೇಟರನ್ನು ಕುದಿಯುವ ಹಾಲಿನ ಕೆಳಗಿನ ಉರಿಯಂತೆ ಸ್ವಲ್ಪ ಸ್ವಲ್ಪವೇ ಏರಿಸಿದೆ. ಎರಡನೆಯ ಸುತ್ತಿನಲ್ಲಿ ಇಬ್ಬರು ನನ್ನ ಮುಂದೆಯೇ ಜಾರಿ ಹುಲ್ಲಿಗೆ ಹೋದರು. ಎದ್ದು ನಿಂತದ್ದು ಕಂಡಿತು. ಮೂರನೆಯದರಲ್ಲಿ ನಾಲ್ವರನ್ನು ದಾಟಿದೆ. ನಾನು ವೇಗ ಹೆಚ್ಚಿಸಿದ್ದರಿಂದ ಅಲ್ಲ, ಅವರು ಹೆದರಿ ಹಿಡಿದ ಜಾಗದಲ್ಲಿ ನಾನು ಹಿಡಿಯಬೇಕಾಗಿರಲಿಲ್ಲ. ಸುತ್ತಿಗೆ 2 ನಿಮಿಷ 24 ಸೆಕೆಂಡ್ ತೆಗೆದುಕೊಳ್ಳುತ್ತಿದ್ದೆ. ಶುಕ್ರವಾರಕ್ಕಿಂತ 15 ಸೆಕೆಂಡ್ ನಿಧಾನ, ಆದರೂ ಮುಂದೆ ಹೋಗುತ್ತಿದ್ದೆ. ಮಳೆಯಲ್ಲಿ ಎಂಜಿನ್ನಿನ ಶಕ್ತಿ, ಹುಡುಗರ ಹಗುರ ಮೈ, ಯಾವುದೂ ಅಷ್ಟು ನಡೆಯುವುದಿಲ್ಲ. ನಾಲ್ಕನೆಯ ಸುತ್ತು ಮುಗಿಸುವಾಗ ಪಿಟ್ ಗೋಡೆಯ ಮೇಲಿಂದ ಯಾರೋ ಬೆರಳು ತೋರಿಸಿದರು. ಎಂಟು. ನಾನು ಎಂಟನೆಯವನು. ಮೂರು ವರ್ಷದಲ್ಲಿ 14ಕ್ಕಿಂತ ಮೇಲೆ ಬಂದವನಲ್ಲ.

ಅಲ್ಲಿಗೆ ಮಳೆ ನಿಂತಿತು. ಆ ಸೀಮೆಯ ಮಳೆ ಹಾಗೆಯೇ, ನಲ್ಲಿ ತಿರುಗಿಸಿದಂತೆ. ಐದನೆಯ ಸುತ್ತಿನಲ್ಲಿ ಬಿಸಿಲು ಬಿದ್ದು ರಸ್ತೆ ಹಬೆಯಾಡತೊಡಗಿತು. ಬೂದು ಬಣ್ಣದ ಆ ಕಾಲುದಾರಿ ಮತ್ತೆ ಮೂಡುತ್ತಿತ್ತು. ನನ್ನ ಒರಟು ಪಟ್ಟೆಗೆ ಇನ್ನು ಬೆಲೆಯಿಲ್ಲ. ಹಿಂದೆ ಎಂಜಿನ್ ಸದ್ದು ಕೇಳಿಸಿತು. ಸದ್ದಿನಲ್ಲೇ ಗೊತ್ತಾಯಿತು, ಮೈಸೂರಿನ ಹುಡುಗ.

ಕೊನೆಯ ಸುತ್ತು. ಕೊನೆಗೆ ಎರಡು ತಿರುವು ಉಳಿದಿದ್ದಾಗ ಅವನು ಪಕ್ಕಕ್ಕೆ ಬಂದ. ಒಳಗಡೆ ನಾನಿದ್ದೆ. ಬ್ರೇಕನ್ನು ಇನ್ನೊಂದು ಕ್ಷಣ ತಡೆದಿದ್ದರೆ, ಬಣ್ಣದ ಕಲ್ಲಿನ ಮೇಲೆ ಒಂದು ಚಕ್ರ ಏರಿಸಿದ್ದರೆ ಜಾಗ ನನ್ನದಾಗಿರುತ್ತಿತ್ತು. ಕಲ್ಲಿನ ಮೇಲೆ ನೀರು ಹೊಳೆಯುತ್ತಿತ್ತು. ನಾನು ಜಾರಿದರೆ ಹೊರಗಡೆ ಇದ್ದ ಅವನನ್ನೂ ಎಳೆದುಕೊಂಡೇ ಹೋಗುತ್ತಿದ್ದೆ. ಇಷ್ಟನ್ನೆಲ್ಲ ಆ ಹೊತ್ತಿನಲ್ಲಿ ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ಕೈ ತಾನಾಗಿ ಬ್ರೇಕ್ ಹಿಡಿಯಿತು. ಅವನು ಹೋದ. ನಾನು ಒಂಬತ್ತನೆಯವನಾಗಿ ಚೌಕುಳಿ ಬಾವುಟ ದಾಟಿದೆ.

ಅದು ವಿವೇಕವೋ ಭಯವೋ ಎಂದು ಇವತ್ತಿಗೂ ನಿರ್ಧರಿಸಲು ಆಗಿಲ್ಲ. ಮೈಕ್ರೋಮೀಟರಿಗೆ ಸಿಗುವ ವಸ್ತು ಅದಲ್ಲ. ಹುಡುಗ ಹೆಲ್ಮೆಟ್ ತೆಗೆದು ಓಡಿ ಬಂದು, 'ಅಂಕಲ್, ಜಾಗ ಬಿಟ್ಟಿದ್ದಕ್ಕೆ ಥ್ಯಾಂಕ್ಸ್' ಎಂದ. ಬಿಟ್ಟದ್ದಲ್ಲ ಎಂದು ಹೇಳೋಣವೆನಿಸಿತು. ಅವನಪ್ಪ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದರು. ಸುಮ್ಮನಾದೆ.

ಲೆದರ್ ಸೂಟನ್ನು ಸೊಂಟದವರೆಗೆ ಬಿಚ್ಚಿ, ಗೂಡ್ಸ್ ಗಾಡಿಯ ಹಿಂದೆ ಕುಳಿತು ಫೋನು ಮಾಡಿದೆ. ಒಂದೇ ರಿಂಗಿಗೆ ಎತ್ತಿದ.

'ಒಂಬತ್ತನೇದು' ಎಂದೆ.

'ಬೀಳಲಿಲ್ವಲ್ಲ?'

'ಇಲ್ಲ.'

'ಸರಿ' ಎಂದ. ಇಟ್ಟುಬಿಡುತ್ತಾನೆ ಎಂದುಕೊಂಡೆ. ಇಡಲಿಲ್ಲ. ಹೊರಗೆ ಮಳೆ ಬರುತ್ತಿದ್ದ ಸದ್ದು ಅವನ ಕಡೆಯಿಂದ ಕೇಳುತ್ತಿತ್ತು, ಸಕಲೇಶಪುರದ ಆ ಬಿಡದ ಮಳೆ.

'87ರ ಜುಲೈ' ಎಂದ. 'ರಾತ್ರಿ ಗಾಡಿ. ಮಾರನಹಳ್ಳಿ ದಾಟಿದ ಮೇಲೆ. ಲೇಟಾಗಿತ್ತು ಅಂತ ಸ್ವಲ್ಪ ಜೋರು ಬಂದೆ. ತಿರುವೊಳಗೆ ಬ್ರೇಕ್ ಒತ್ತಿದೆ. ಹಿಂದಿನ ಚಕ್ರ ರಸ್ತೆ ಬಿಟ್ಟು ಕೆಳಕ್ಕೆ ಇಳೀತು. ರಸ್ತೆ ಕೆಲಸಕ್ಕೆ ಅಂತ ಹಾಕಿದ್ದ ಜಲ್ಲಿ ರಾಶಿಗೆ ತಗುಲಿ ನಿಂತ್ಕೊಂತು. ನಾನೂ ಕಂಡಕ್ಟರೂ ಇಳಿದು ಲೈಟ್ ಬಿಟ್ಟು ನೋಡಿದ್ವಿ. ಕೆಳಗೆ ಕೆಂಪುಹೊಳೆ ಸದ್ದು. ಬಸ್ಸಲ್ಲಿ ಎಲ್ರೂ ನಿದ್ದೆ ಹೊಡೀತಿದ್ರು, ಒಬ್ಬ ಮಾತ್ರ ಎದ್ದು, ಗುಂಡ್ಯ ಬಂತಾ ಅಂದ.'

'ಆಮೇಲೆ?'

'ಆಮೇಲೇನು. ಹತ್ತಿದ್ವಿ, ರಿವರ್ಸ್ ತಗೊಂಡೆ, ಹೋದ್ವಿ. ಯಾರಿಗೂ ಹೇಳ್ಲಿಲ್ಲ. ನಿಮ್ಮಮ್ಮಂಗೂ ಹೇಳ್ಲಿಲ್ಲ. ಆ ಮೆಡಲ್ ಕೊಟ್ರಲ್ಲ, ಹಾರ ಹಾಕಿ. ಸ್ಟೇಜ್ ಮೇಲೆ ನಿಂತಾಗ ಜಲ್ಲಿ ರಾಶಿನೇ ಕಣ್ಣಿಗೆ ಬರ್ತಿತ್ತು.'

ಅಮ್ಮ ಹೋಗಿ ಒಂಬತ್ತು ವರ್ಷವಾಯಿತು. ನಡುಮನೆಯಲ್ಲಿ ಆ ಪದಕ ಇಷ್ಟು ವರ್ಷ ಅವಳ ಪಕ್ಕದಲ್ಲೇ ಇದೆ. ಅಪ್ಪ ಪ್ರತಿದಿನ ಬೆಳಿಗ್ಗೆ ಎರಡಕ್ಕೂ ಒಟ್ಟಿಗೆ ಧೂಳು ಒರೆಸುತ್ತಾನೆ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. 'ಊಟ ಮಾಡಿದ್ಯಾ?' ಎಂದೆ. 'ಈಗ ಮಾಡ್ತೀನಿ' ಎಂದ. ಸಂಜೆ ಐದೂ ಆಗಿರಲಿಲ್ಲ.

ರಾತ್ರಿ ವಾಪಸು ಹೊರಟಾಗ ಕೃಷ್ಣಗಿರಿಯ ಹತ್ತಿರ ಮತ್ತೆ ಮಳೆ ಹಿಡಿಯಿತು. ಗೂಡ್ಸ್ ಗಾಡಿಯ ಡ್ರೈವರ್ ವೇಗ ಇಳಿಸಿ, ಲಾರಿಗಳ ಜಾಡು ಬಿಟ್ಟು ಸ್ವಲ್ಪ ಎಡಕ್ಕೆ ಸರಿದು ಓಡಿಸತೊಡಗಿದ. ಯಾರು ಕಲಿಸಿದ್ದು ಎಂದು ಕೇಳಿದೆ. 'ಅಪ್ಪ ಲಾರಿ ಓಡಿಸ್ತಿದ್ರು ಸಾರ್' ಎಂದ.

ಮನೆ ತಲುಪಿದಾಗ ಬೆಳಗಿನ ಜಾವ. ಮೈಯೆಲ್ಲ ಕೆಂಪು ಮಣ್ಣು. ಸ್ನಾನಕ್ಕೆ ಹೋಗಿ ಕುಳಿತವನಿಗೆ ಏಳಲು ಆಗಲಿಲ್ಲ, ಶನಿವಾರ ಪೆಟ್ಟಾದ ಮಂಡಿ ಬಿಗಿದುಕೊಂಡಿತ್ತು. ಬಲಗೈ ಚಾಚಿದೆ. ಹಿಡಿಕೆ ಸರಿಯಾಗಿ ಕೈಗೆ ಸಿಗುವ ಎತ್ತರದಲ್ಲಿತ್ತು. ಹಿಡಿದುಕೊಂಡು ಎದ್ದೆ.